ಕ್ರಮಬದ್ಧತೆ: ಒಂದೇ ಪದ, ಎರಡು ಪರೀಕ್ಷೆ

ಫ್ರ್ಯಾಕ್ಟಲ್ ಅಂದ್ರೆ ಎಷ್ಟು ಹತ್ತಿರದಿಂದ ನೋಡಿದರೂ ಅಂಕುಡೊಂಕಾಗಿಯೇ ಇರುವ ಆಕಾರ. ಅಂಥದ್ದನ್ನು ಗಣಿತದವರು ‘ಕ್ರಮಬದ್ಧ’ ಎಂದಾಗ ವಿಚಿತ್ರ ಅನಿಸುತ್ತದೆ, ಅಲ್ವಾ? ಗೊಂದಲಕ್ಕೆ ಕಾರಣವೂ ಇದೆ. ಈ ಪದದ ಹಿಂದೆ ಎರಡು ಬೇರೆ ಬೇರೆ ಪರೀಕ್ಷೆಗಳಿವೆ.

ಮೊದಲನೆಯದು ಪ್ರಮಾಣದ ಪರೀಕ್ಷೆ. ಸ್ವೀಡನ್ನಿನ ಗಣಿತಜ್ಞ ಹೆಲ್ಗೆ ವಾನ್ ಕಾಖ್ 1904ರಲ್ಲಿ ಕೊಟ್ಟ ವಕ್ರರೇಖೆಯನ್ನೇ ತಗೊಳ್ಳಿ. ಒಂದು ಗೆರೆಯನ್ನು ಮೂರು ಸಮಭಾಗ ಮಾಡಿ. ನಡುವಿನದನ್ನು ತೆಗೆದು, ಅದೇ ಅಳತೆಯ ಎರಡು ತುಂಡುಗಳನ್ನು ಡೇರೆಯ ಹಾಗೆ ನಿಲ್ಲಿಸಿ. ಪ್ರತಿ ತುಂಡಿಗೂ ಹೀಗೇ ಮಾಡುತ್ತಾ ಹೋಗಿ. ಒಂದೊಂದು ಸುತ್ತಿಗೂ ಉದ್ದ 4/3 ಪಟ್ಟು. ಹತ್ತೇ ಸುತ್ತಿಗೆ ಸುಮಾರು 17.8 ಪಟ್ಟು! ಕೊನೆಗೆ ಉದ್ದ ಅನಂತ. ಆದರೂ ಅದರ ಬೆಳವಣಿಗೆಗೆ ಒಂದು ಲೆಕ್ಕವಿದೆ. ರೇಖೆಯ ಯಾವ ಬಿಂದುವಿನ ಸುತ್ತ ವೃತ್ತ ಎಳೆದರೂ, ಒಳಗೆ ಸಿಗುವ ರೇಖೆಯ ಪ್ರಮಾಣ (ಉದ್ದವಲ್ಲ, ಈ ರೇಖೆಗೆ ಹೊಂದುವ ಬೇರೊಂದು ಅಳತೆ) ತ್ರಿಜ್ಯದ 1.26ನೇ ಘಾತದ ಆಸುಪಾಸಿನಲ್ಲೇ ಇರುತ್ತದೆ. ಒಂದು ಕಡೆ ಜಾಸ್ತಿ ಒತ್ತೊತ್ತು, ಇನ್ನೊಂದು ಕಡೆ ತೀರಾ ತೆಳು ಅನ್ನುವ ಹಾಗಿಲ್ಲ. ಇದನ್ನು ಗಣಿತಜ್ಞ ಆಲ್ಫೋರ್ಸ್ ಹೆಸರಲ್ಲಿ ಆಲ್ಫೋರ್ಸ್ ಕ್ರಮಬದ್ಧತೆ ಎನ್ನುತ್ತಾರೆ. ಆ 1.26 ಈ ರೇಖೆಯ ಆಯಾಮ.

ಎರಡನೆಯದು ದಿಕ್ಕಿನ ಪರೀಕ್ಷೆ. ಹತ್ತಿರ ಹೋದ ಹಾಗೆ ಆಕಾರ ನೇರ ಗೆರೆಯಂತೆ ಕಾಣುತ್ತದೆಯೇ? ವೃತ್ತ ಹಾಗೆ ಕಾಣುತ್ತದೆ. ಕಾಖ್ ರೇಖೆಯಲ್ಲಿ ಸ್ಪರ್ಶಕ ಎಳೆಯುವುದಕ್ಕೇ ಆಗುವುದಿಲ್ಲ.

ಕಾಖ್ ರೇಖೆಯ ಆಯಾಮ 1ಕ್ಕಿಂತ ಜಾಸ್ತಿ, ಅದಕ್ಕೇ ಹೀಗೆ ಎಂದು ನೀವು ಅನ್ನಬಹುದು. ಹಾಗಾದರೆ ಆಯಾಮ ಸರಿಯಾಗಿ 1 ಇದ್ದರೆ? ನನಗೆ ತುಂಬಾ ಇಷ್ಟದ ಉದಾಹರಣೆ ಇಲ್ಲಿದೆ. ಬಾಹು 1 ಇರುವ ಚೌಕದಲ್ಲಿ ನಾಲ್ಕು ಮೂಲೆಗಳ 1/4 ಬಾಹುವಿನ ಚೌಕಗಳನ್ನಷ್ಟೇ ಉಳಿಸಿ. ಅವುಗಳಲ್ಲೂ ಹೀಗೇ ಮಾಡುತ್ತಾ ಹೋಗಿ. ಉಳಿಯುವುದು ಬರೀ ಧೂಳು. ಅದರ ಆಯಾಮ 1, ‘ಉದ್ದ’ವೂ ಸೊನ್ನೆಯಲ್ಲ, ಅನಂತವೂ ಅಲ್ಲ. ಪ್ರಮಾಣದ ಪರೀಕ್ಷೆಯಲ್ಲಿ ಪಾಸ್. ಆದರೆ ದಿಕ್ಕಿನ ಪರೀಕ್ಷೆಯಲ್ಲಿ ಫೇಲ್: ಸೀಮಿತ ಉದ್ದದ ಯಾವ ವಕ್ರರೇಖೆ ಎಳೆದರೂ ಅದರ ಮೇಲೆ ಬೀಳುವ ಧೂಳಿನ ಉದ್ದ ಸೊನ್ನೆ!

ಇದರ ನೆರಳು ಇನ್ನೂ ಮಜಾ. ನೇರ ಕೆಳಕ್ಕೆ ಬೀಳಿಸಿದರೆ ಉದ್ದ ಸೊನ್ನೆ. ಕರ್ಣದ ಮೇಲೆ ಬೀಳಿಸಿದರೂ ಸೊನ್ನೆ. ಆದರೆ ಇಳಿಜಾರು 2 ಇರುವ ಗೆರೆಯ ಮೇಲೆ ಬೀಳಿಸಿ ನೋಡಿ. ನಾಲ್ಕು ಚೌಕಗಳ ನೆರಳು ಒಂದರ ಪಕ್ಕ ಒಂದು ಅಂಚಿಗೆ ಅಂಚು ಕೂತು ಎಲ್ಲೂ ಸಂದಿಯೇ ಉಳಿಯುವುದಿಲ್ಲ. ಒಳಗಿನ ಚೌಕಗಳದ್ದೂ ಅದೇ ಕಥೆ. ಹಾಗಾಗಿ ಅಲ್ಲಿ ಪೂರ್ತಿ ಗೆರೆಯೇ ಸಿಗುತ್ತದೆ. ಇಂಥ ದಿಕ್ಕುಗಳು ಅಪರೂಪ. ಹೆಚ್ಚುಕಮ್ಮಿ ಎಲ್ಲ ದಿಕ್ಕಿನಲ್ಲೂ ನೆರಳಿನ ಉದ್ದ ಸೊನ್ನೆ ಎಂಬುದು ಗಣಿತಜ್ಞ ಬೆಸಿಕೊವಿಚ್ ಅವರ ಪ್ರಮೇಯದಿಂದ ಬರುತ್ತದೆ.

ದಿಕ್ಕಿನ ಕ್ರಮವನ್ನು ಅಳೆಯುವ ದಾರಿಯೊಂದನ್ನು ಗಣಿತಜ್ಞ ಪೀಟರ್ ಜೋನ್ಸ್ 1990ರಲ್ಲಿ ತೋರಿಸಿದರು. ಸಮತಲವನ್ನು ದೊಡ್ಡ, ಸಣ್ಣ ಎಲ್ಲ ಅಳತೆಯ ಚೌಕಗಳಾಗಿ ಭಾಗ ಮಾಡಿ. ಪ್ರತಿ ಚೌಕದ ಆಸುಪಾಸಿನ ಬಿಂದುಗಳನ್ನೆಲ್ಲ ಒಳಗೊಳ್ಳಲು ಎಷ್ಟು ಅಗಲದ ಪಟ್ಟಿ ಬೇಕು ನೋಡಿ. ಆ ಅಗಲವನ್ನು ಚೌಕದ ಬಾಹುವಿನಿಂದ ಭಾಗಿಸಿ, ವರ್ಗ ಮಾಡಿ, ಬಾಹುವಿನಿಂದ ಗುಣಿಸಿ, ಎಲ್ಲವನ್ನೂ ಕೂಡಿ. ಮೊತ್ತ ಸೀಮಿತವಾದರೆ ಬಿಂದುಗಳನ್ನೆಲ್ಲ ಸೀಮಿತ ಉದ್ದದ ಒಂದೇ ರೇಖೆಯಲ್ಲಿ ಪೋಣಿಸಬಹುದು. ನಾಲ್ಕು ಮೂಲೆಯ ಧೂಳಿನಲ್ಲಿ ಮಾತ್ರ ಎಷ್ಟು ಒಳಗೆ ಹೋದರೂ ಪಟ್ಟಿ ಕಿರಿದಾಗುವುದೇ ಇಲ್ಲ. ಪ್ರತಿ ಸುತ್ತೂ ಮೊತ್ತಕ್ಕೆ ಹೆಚ್ಚುಕಮ್ಮಿ ಅಷ್ಟೇ ಸೇರಿಸುತ್ತಾ ಹೋಗುತ್ತದೆ. ಹಾಗಾಗಿ ಮೊತ್ತ ಅನಂತ.