ಕಾರಿಗೆ ಇನ್ಶೂರೆನ್ಸ್ ಇದೆ, ಓಡಿಸುವ ಮಗನಿಗೆ?

ಅಪಘಾತವಾದ ಕಾರುಗಳನ್ನು ಪರಿಶೀಲಿಸಿ ನಷ್ಟದ ವರದಿ ಬರೆಯುವ ಸರ್ವೇಯರ್ ನಾನು. ಗ್ಯಾರೇಜಿಗೆ ಹೋದ ಕೂಡಲೇ ಕಾರಿನವರು ಹೇಳುವ ಮೊದಲ ಮಾತು ಬಹುತೇಕ ಒಂದೇ: ‘ಫುಲ್ ಇನ್ಶೂರೆನ್ಸ್ ಇದೆ ಸಾರ್, ಬಂಪರ್ ಟು ಬಂಪರ್.’ ಕಾರು ಅಪ್ಪನ ಹೆಸರಲ್ಲೋ ಅಮ್ಮನ ಹೆಸರಲ್ಲೋ ಇರುತ್ತದೆ. ಓಡಿಸಿದ್ದು ಹೊಸದಾಗಿ ಡಿಎಲ್ ಮಾಡಿಸಿಕೊಂಡ ಹತ್ತೊಂಬತ್ತು, ಇಪ್ಪತ್ತರ ಮಗ ಅಥವಾ ಮಗಳು. ಆ ‘ಫುಲ್’ ಒಳಗೆ ಏನೇನು ಇಲ್ಲ ಅನ್ನುವುದು ಎಷ್ಟೋ ಮನೆಗಳಿಗೆ ಗೊತ್ತಾಗುವುದು ಅವತ್ತೇ.

ನಮ್ಮ ದೇಶದಲ್ಲಿ ಪ್ರೀಮಿಯಂ ಲೆಕ್ಕ ಹಾಕುವುದು ಮುಖ್ಯವಾಗಿ ಗಾಡಿ ನೋಡಿ, ಓಡಿಸುವವರ ವಯಸ್ಸು ನೋಡಿ ಅಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ ಖಾಸಗಿ ಕಾರಿನ ಒಂದು ವರ್ಷದ ಥರ್ಡ್ ಪಾರ್ಟಿ (ಬೇರೆಯವರಿಗೆ ಆಗುವ ಹಾನಿಯ) ಪ್ರೀಮಿಯಂ 1000 ಸಿಸಿವರೆಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897. ಮನೆಯಲ್ಲಿ ಹದಿನೆಂಟರ ಹುಡುಗ ಸ್ಟಿಯರಿಂಗ್ ಹಿಡಿದ ಅಂತ ಇದರಲ್ಲಿ ಒಂದು ರೂಪಾಯಿಯೂ ಏರುವುದಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮವರನ್ನು ಕೇಳಿ ನೋಡಿ, ಅಲ್ಲಿನ ಸಂಕಟವೇ ಬೇರೆ. ಅಲ್ಲಿ ಚಾಲಕನ ವಯಸ್ಸು, ಅನುಭವ ನೋಡಿಯೇ ದರ ಹೇಳುವುದರಿಂದ ಹೊಸ ಹುಡುಗರ ಪ್ರೀಮಿಯಂ ಕೇಳಿದರೆ ಎದೆ ಒಡೆಯುತ್ತದೆ. ಅದನ್ನು ತಪ್ಪಿಸಲು ‘ಹೆಚ್ಚಾಗಿ ಓಡಿಸುವುದು ನಾನೇ’ ಎಂದು ಹೆತ್ತವರು ಬರೆದುಕೊಟ್ಟರೆ ಅದಕ್ಕೆ ಫ್ರಂಟಿಂಗ್ ಅನ್ನುತ್ತಾರೆ, ವಂಚನೆ ಎಂದೇ ಪರಿಗಣಿಸುತ್ತಾರೆ. ಅಲ್ಲಿ ಏಟು ಬೀಳುವುದು ಪಾಲಿಸಿ ಕೊಳ್ಳುವಾಗ, ನಮ್ಮಲ್ಲಿ ಕ್ಲೇಮ್ ಹಾಕುವಾಗ.

ಮೊದಲು ಲೈಸೆನ್ಸ್ ವಿಚಾರ. ಪಾಲಿಸಿಯ ಜೊತೆ ಬರುವ ಪುಟಗಳಲ್ಲಿ ‘ಡ್ರೈವರ್ಸ್ ಕ್ಲಾಜ್’ (ಚಾಲಕರ ಷರತ್ತು) ಎಂಬ ಒಂದು ಪ್ಯಾರಾ ಇರುತ್ತದೆ. ಅಪಘಾತದ ಹೊತ್ತಿನಲ್ಲಿ ಕಾರು ಓಡಿಸುತ್ತಿದ್ದವರ ಬಳಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಎಂಬುದು ಅದರ ತಿರುಳು. ಹದಿನೆಂಟಕ್ಕೆ ಬೈಕಿನ ಲೈಸೆನ್ಸ್ ಮಾಡಿಸಿಕೊಂಡು, ಕಾರಿನ ಪರೀಕ್ಷೆಗೆ ಹೋಗದೆ, ‘ಡಿಎಲ್ ಇದೆಯಲ್ಲ’ ಎಂದು ಕಾರು ಹತ್ತುವ ಹುಡುಗರನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ಕಾರ್ಡ್ ತಿರುಗಿಸಿ ನೋಡಿದರೆ ಎಂಸಿಡಬ್ಲ್ಯುಜಿ, ಅಂದರೆ ಗೇರ್ ಬೈಕ್ ಮಾತ್ರ ಇರುತ್ತದೆ, ಕಾರಿಗೆ ಬೇಕಾದ ಎಲ್‌ಎಂವಿ ಇರುವುದಿಲ್ಲ. ಇನ್ನು ಕೆಲವರದು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸಿನ ಅವಧಿ ಮುಗಿದಿರುತ್ತದೆ. ಎಲ್‌ಎಲ್ ಬಾಳಿಕೆ ಆರು ತಿಂಗಳು. ತಿಂಗಳು ಕಳೆದ ಮೇಲೆ ಪಕ್ಕಾ ಡಿಎಲ್ ಪರೀಕ್ಷೆಗೆ ಹೋಗಬಹುದು. ಸೆಮಿಸ್ಟರ್ ಪರೀಕ್ಷೆ, ಊರಿನ ಜಾತ್ರೆ ಅಂತ ಮುಂದೂಡುತ್ತಾ ಆರು ತಿಂಗಳು ದಾಟಿದರೆ, ಮಾರನೇ ದಿನದಿಂದ ಆತ ಕಾನೂನಿನ ಕಣ್ಣಲ್ಲಿ ಲೈಸೆನ್ಸ್ ಇಲ್ಲದವನೇ.

ಲೈಸೆನ್ಸ್ ಇಲ್ಲದಿದ್ದರೆ ಸ್ವಂತ ಕಾರಿನ ರಿಪೇರಿ ಹಣ ಬರುವುದಿಲ್ಲ, ಅಲ್ಲಿಗೇ ಮುಗಿಯಿತು ಎಂದುಕೊಳ್ಳಬೇಡಿ. ದಾರಿಯಲ್ಲಿ ಹೋಗುತ್ತಿದ್ದವರಿಗೆ ಪೆಟ್ಟಾಗಿದ್ದರೆ ನ್ಯಾಯಮಂಡಳಿ ಸಾಮಾನ್ಯವಾಗಿ ‘ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ’ ಎಂದು ಆದೇಶಿಸುತ್ತದೆ. ಮಾಲೀಕರು ಅಂದರೆ ಆರ್‌ಸಿಯಲ್ಲಿ ಹೆಸರಿರುವ ಅಪ್ಪ. ಲಕ್ಷಗಟ್ಟಲೆ ಪರಿಹಾರದ ಬಾಕಿ ಆ ಮನೆಯ ಬಾಗಿಲಿಗೆ ಬರುತ್ತದೆ. ಹದಿನೆಂಟು ತುಂಬದ ಮಕ್ಕಳಿಗೆ ಕೀ ಕೊಟ್ಟವರ ಪಾಡು ಇನ್ನೂ ಕಷ್ಟ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಕಲಂ ಪ್ರಕಾರ 25,000 ರೂಪಾಯಿ ದಂಡ, ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ.

ಈ ಭಯವೇ ಒಂದು ಸುಳ್ಳಿಗೆ ದಾರಿ ಮಾಡುತ್ತದೆ. ಕ್ಲೇಮ್ ಫಾರಂನಲ್ಲಿ ‘ಅಪಘಾತದ ಸಮಯದಲ್ಲಿ ವಾಹನ ಚಲಾಯಿಸುತ್ತಿದ್ದವರು’ ಎಂಬ ಜಾಗದಲ್ಲಿ ಮಗನ ಹೆಸರಿನ ಬದಲು ಅಪ್ಪ ತನ್ನ ಹೆಸರು ಬರೆದುಬಿಡುತ್ತಾನೆ. ಮೋರಿಯ ಕಟ್ಟೆಗೆ ಗುದ್ದಿದ ಒಂದು ಹ್ಯಾಚ್‌ಬ್ಯಾಕ್ ಹೀಗೆಯೇ ನನ್ನ ಮುಂದೆ ಬಂದಿತ್ತು. ಫಾರಂ ಪ್ರಕಾರ ಓಡಿಸಿದ್ದು ಅಪ್ಪ. ಅವರು ಕುಳ್ಳಗಿನ ಆಳು, ಡ್ರೈವರ್ ಸೀಟು ಮಾತ್ರ ಕೊನೆಯವರೆಗೂ ಹಿಂದಕ್ಕೆ ಸರಿದಿತ್ತು. ಅದೊಂದರಿಂದಲೇ ಏನೂ ಹೇಳುವ ಹಾಗಿಲ್ಲ, ಹೊರಗೆಳೆಯುವಾಗ ಯಾರಾದರೂ ಸರಿಸಿರಬಹುದು. ಆದರೆ ಆಸ್ಪತ್ರೆಯ ಗಾಯದ ಟಿಪ್ಪಣಿಯಲ್ಲಿ ಬೆಲ್ಟಿನ ಗುರುತು ಅಪ್ಪನ ಎಡ ಭುಜದ ಮೇಲೆ, ಮಗನ ಬಲ ಭುಜದ ಮೇಲೆ ಎಂದಿತ್ತು. ನಮ್ಮ ಕಾರುಗಳಲ್ಲಿ ಸ್ಟಿಯರಿಂಗ್ ಬಲಕ್ಕೆ. ಓಡಿಸುವವರಿಗೆ ಬೆಲ್ಟ್ ಬಲ ಭುಜದ ಮೇಲಿನಿಂದ ಇಳಿಯುತ್ತದೆ, ಪಕ್ಕದವರಿಗೆ ಎಡ ಭುಜದಿಂದ. ಓಡಿಸಿದ್ದು ಯಾರು ಎಂದು ಅದೇ ಹಾಳೆ ಹೇಳುತ್ತಿತ್ತು.

ಆ ಕಡತ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಹುಡುಗನ ಎಲ್‌ಎಲ್ ಚಾಲ್ತಿಯಲ್ಲಿತ್ತು. ಹಿಂದಿನ ಗಾಜಿಗೂ ಮುಂದಿನ ಬಂಪರಿಗೂ ಬಿಳಿ ಹಿನ್ನೆಲೆಯ ಕೆಂಪು ಎಲ್ ಅಂಟಿಸಿತ್ತು. ಪಕ್ಕದಲ್ಲಿ ಡಿಎಲ್ ಇರುವ ಅಪ್ಪ ಕೂತಿದ್ದರು. ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಕೇಳುವುದು ಇದನ್ನೇ, ಡ್ರೈವರ್ಸ್ ಕ್ಲಾಜ್ ಕೂಡ ಎಲ್‌ಎಲ್ ಇರುವವರನ್ನು ಇದೇ ಷರತ್ತಿನ ಮೇಲೆ ಒಪ್ಪುತ್ತದೆ. ನಿಜ ಬರೆದಿದ್ದರೆ ಆ ಕ್ಲೇಮಿಗೆ ಅಡ್ಡಿಯೇ ಇರಲಿಲ್ಲ. ಸುಳ್ಳು ಮಾಹಿತಿ ಕೊಟ್ಟ ಕಾರಣಕ್ಕೆ ಪೂರ್ತಿ ತಿರಸ್ಕೃತವಾಯಿತು. ‘ಎಲ್‌ಎಲ್ ಅಂದರೆ ಲೈಸೆನ್ಸೇ ಅಲ್ಲ, ನಿಮ್ಮ ಹೆಸರು ಹಾಕಿ’ ಎಂದು ಗ್ಯಾರೇಜಿನಲ್ಲಿ ಯಾರೋ ಕೊಟ್ಟ ಬುದ್ಧಿ ಅದು. ದಯವಿಟ್ಟು ಆ ಬುದ್ಧಿ ಕೇಳಬೇಡಿ.

ಇಷ್ಟೆಲ್ಲ ಕಾರಿನ ಮಾತಾಯಿತು. ಕಾರು ಹೋದರೆ ಹೋಯಿತು, ನನ್ನನ್ನು ನಿಜವಾಗಿ ಕಾಡುವುದು ಓಡಿಸುವ ಹುಡುಗನ ಜೀವ. ಪ್ರತಿ ಪಾಲಿಸಿಯಲ್ಲೂ ‘ಓನರ್ ಡ್ರೈವರ್’ ವೈಯಕ್ತಿಕ ಅಪಘಾತ ವಿಮೆ 15 ಲಕ್ಷ ರೂಪಾಯಿಗೆ ಇದೆ ಎಂದು ಜನ ನೆಮ್ಮದಿಯಾಗಿರುತ್ತಾರೆ. ಅದು ಸಿಗುವುದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ಹೆಸರಿರುವ, ಲೈಸೆನ್ಸ್ ಹೊಂದಿರುವ ಮಾಲೀಕರಿಗೆ ಮಾತ್ರ. ಅಪ್ಪನ ಕಾರು ಓಡಿಸುವ ಮಗನಿಗೆ ಅದು ಅನ್ವಯಿಸುವುದಿಲ್ಲ. ಕಾರು ಅಮ್ಮನ ಹೆಸರಿನಲ್ಲಿದ್ದು ಅಮ್ಮನಿಗೆ ಡ್ರೈವಿಂಗೇ ಬಾರದಿದ್ದರೆ, ಆ 15 ಲಕ್ಷ ಮನೆಯಲ್ಲಿ ಯಾರಿಗೂ ಇಲ್ಲ.

ಹಾಗಾದರೆ ಥರ್ಡ್ ಪಾರ್ಟಿ ವಿಮೆಯಲ್ಲಿ ಬರುವುದಿಲ್ಲವೇ ಎಂದು ಕೇಳುತ್ತಾರೆ. ಬೇರೆ ಗಾಡಿಯವರ ತಪ್ಪಿದ್ದರೆ ಆ ಗಾಡಿಯ ವಿಮೆಯಿಂದ ಬರುತ್ತದೆ. ತಪ್ಪು ತನ್ನದೇ ಆಗಿದ್ದರೆ ಬರುವುದಿಲ್ಲ. 2014ರ ಜೂನ್‌ನಲ್ಲಿ ಮಲ್ಲಸಂದ್ರದಿಂದ ಅರಸೀಕೆರೆಗೆ ಹೊರಟಿದ್ದ ಕಾರೊಂದು ಪಲ್ಟಿಯಾಗಿ ಓಡಿಸುತ್ತಿದ್ದವರು ತೀರಿಕೊಂಡರು. ಕಾರು ಅವರದಲ್ಲ, ಬೇರೆಯವರಿಂದ ಪಡೆದದ್ದು. ಕುಟುಂಬ 80 ಲಕ್ಷ ಪರಿಹಾರ ಕೇಳಿತು. ಅತಿವೇಗ, ಅಜಾಗರೂಕತೆ ಅವರದೇ, ಬೇರೆಯವರ ಗಾಡಿ ಪಡೆದು ಓಡಿಸಿದವರು ಮಾಲೀಕರ ಜಾಗದಲ್ಲೇ ನಿಲ್ಲುತ್ತಾರೆ ಎಂದು ಕರ್ನಾಟಕ ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಅರ್ಜಿ ತಳ್ಳಿಹಾಕಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಇದು ಹೊಸ ವಾದವೇನಲ್ಲ. ಇಳಕಲ್ ಹತ್ತಿರ ಬೇರೆಯವರ ಬೈಕ್ ಓಡಿಸುತ್ತಿದ್ದವರೊಬ್ಬರು ಎತ್ತಿನಗಾಡಿಗೆ ಡಿಕ್ಕಿ ಹೊಡೆದು ಸತ್ತ ಪ್ರಕರಣದಲ್ಲೂ 2009ರಲ್ಲಿ ಸುಪ್ರೀಂ ಕೋರ್ಟ್ ಇದೇ ತತ್ವ ಹೇಳಿತ್ತು.

ಹೊಸ ಚಾಲಕರು ಮಾಡುವ ತಪ್ಪುಗಳು ಬಹುತೇಕ ಇಂಥವೇ: ತಿರುವಿನಲ್ಲಿ ವೇಗ ಹೆಚ್ಚಾಗುವುದು, ಮಳೆಯಲ್ಲಿ ಬ್ರೇಕ್ ಒತ್ತಿ ಜಾರುವುದು, ರಾತ್ರಿ ಎದುರಿನ ಹೈ ಬೀಮಿಗೆ ಕಣ್ಣು ಕೋರೈಸಿ ಅಂಚಿಗೆ ಇಳಿಯುವುದು. ಇವುಗಳಲ್ಲಿ ಇನ್ನೊಂದು ಗಾಡಿಗೆ ಡಿಕ್ಕಿಯೇ ಆಗಿರುವುದಿಲ್ಲ. ಅಂದರೆ ಯಾರ ವಿಮೆಯೂ ಕೈ ಹಿಡಿಯದ ಬಗೆಯ ಅಪಘಾತವೇ ಇವರಿಗೆ ಹೆಚ್ಚು ಹತ್ತಿರ. ಇದಕ್ಕೆ ಮದ್ದು ಕಾರಿನ ಪಾಲಿಸಿಯಲ್ಲಿ ಹುಡುಕಬೇಡಿ. ಮಗನ ಅಥವಾ ಮಗಳ ಹೆಸರಿನಲ್ಲೇ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿ. ಯಾರ ಗಾಡಿ ಓಡಿಸಿದರೂ, ಬಸ್ಸಿನಲ್ಲಿ ಹೋದರೂ ಅದು ಅವರ ಬೆನ್ನಿಗಿರುತ್ತದೆ. ಸಾವಿಗೆ ಮಾತ್ರವಲ್ಲ, ಶಾಶ್ವತ ಅಂಗವೈಕಲ್ಯಕ್ಕೂ ಹಣ ಬರುವಂಥದ್ದನ್ನೇ ಆರಿಸಿ. ಇಪ್ಪತ್ತರ ವಯಸ್ಸಿನಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಹಾಸಿಗೆ ಹಿಡಿದವರ ಮನೆಗಳನ್ನು ಕಂಡು ಈ ಮಾತು ಹೇಳುತ್ತಿದ್ದೇನೆ.

ಮೊದಲ ಸಂಬಳದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಹುಡುಗರಿಗೂ ಒಂದು ಮಾತು. ಆರ್‌ಸಿ ನಿಮ್ಮ ಹೆಸರಿಗೆ ಬಂದರೆ ಸಾಲದು, ಪಾಲಿಸಿಯೂ ಬರಬೇಕು. ಥರ್ಡ್ ಪಾರ್ಟಿ ಭಾಗ ಕಾರಿನ ಜೊತೆ ತಾನಾಗಿಯೇ ಬರುತ್ತದೆ, ನಿಮ್ಮ ಕಾರಿನ ಹಾನಿಗೆ ಸಂಬಂಧಿಸಿದ ಭಾಗ ಬರುವುದಿಲ್ಲ. 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಹಾಕದ ವರ್ಷಗಳಿಗೆ ಸಿಗುವ ಪ್ರೀಮಿಯಂ ರಿಯಾಯಿತಿ) ಅವರದು, ಅದನ್ನು ನಿಮ್ಮದೆಂದು ತೋರಿಸಿ ಪ್ರೀಮಿಯಂ ಇಳಿಸಿಕೊಂಡರೆ ಕ್ಲೇಮ್ ಹೊತ್ತಿನಲ್ಲಿ ಸಿಕ್ಕಿಬೀಳುತ್ತೀರಿ. ಕಾರು ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಪಾಲಿಸಿ ನಿಲ್ಲುವುದು ಹೆಚ್ಚೆಂದರೆ ಮೂರು ತಿಂಗಳು. ಅಷ್ಟರೊಳಗೆ ವಾರಸುದಾರರ ಹೆಸರಿಗೆ ಮಾಡಿಸಬೇಕು.

ಸಣ್ಣಪುಟ್ಟ ತಾಗಾಟಕ್ಕೆಲ್ಲ ಕ್ಲೇಮ್ ಹಾಕುವ ಮೊದಲು ಪೆನ್ನು ಹಿಡಿದು ಲೆಕ್ಕ ಮಾಡಿ. 8,000 ರೂಪಾಯಿಯ ಬಂಪರ್ ಅಂದುಕೊಳ್ಳಿ. ಜೀರೋ ಡೆಪ್ (ಸವಕಳಿ ಕಳೆಯದ ಹೆಚ್ಚುವರಿ ಕವರ್) ಇಲ್ಲದಿದ್ದರೆ ಪ್ಲಾಸ್ಟಿಕ್ಕಿಗೆ ಅರ್ಧ ಸವಕಳಿ, ಉಳಿದ 4,000ದಲ್ಲಿ 1,000 ಕಡ್ಡಾಯ ಕಡಿತ, ಕೈಗೆ 3,000. ಅಪ್ಪ ಐದು ವರ್ಷ ಕ್ಲೇಮ್ ಇಲ್ಲದೆ 50 ಪರ್ಸೆಂಟ್ ಬೋನಸ್ ಗಳಿಸಿದ್ದು, ಸ್ವಂತ ಹಾನಿಯ ಪ್ರೀಮಿಯಂ 12,000 ಇದ್ದರೆ, ಮುಂದಿನ ವರ್ಷ ಕಳೆದುಕೊಳ್ಳುವುದು 6,000. ಮತ್ತೆ ಆ 50ಕ್ಕೆ ಏರಬೇಕಾದರೆ 20, 25, 35, 45 ಎಂದು ಮೆಟ್ಟಿಲು ಹತ್ತುತ್ತಾ ಇನ್ನೂ ಐದು ವರ್ಷ ಕಾಯಬೇಕು.

ಎಲ್ಲ ಸರಿಯಿದ್ದೂ ಕ್ಲೇಮ್ ತಿರಸ್ಕೃತವಾದರೆ ಸುಮ್ಮನಾಗಬೇಡಿ. ನಮ್ಮ ಸರ್ವೇ ವರದಿಯ ಪ್ರತಿ ಕೇಳಿ ಪಡೆಯಿರಿ. ತಿರಸ್ಕಾರದ ಕಾರಣ, ಪಾಲಿಸಿಯ ಯಾವ ಷರತ್ತು ಮುರಿದಿದೆ ಎಂಬುದನ್ನು ಬರವಣಿಗೆಯಲ್ಲೇ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲಿ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ (ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಅಧಿಕಾರಿ) ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆರ್‌ಸಿ, ಪಾಲಿಸಿ, ಅಪಘಾತದ ದಿನ ಚಾಲ್ತಿಯಲ್ಲಿದ್ದ ಎಲ್‌ಎಲ್ ಅಥವಾ ಡಿಎಲ್ ಪ್ರತಿ, ಗ್ಯಾರೇಜಿನ ಅಂದಾಜು ಪಟ್ಟಿ, ತಿರಸ್ಕಾರದ ಪತ್ರ, ಇಷ್ಟನ್ನು ಲಗತ್ತಿಸಿ, ನಡೆದದ್ದನ್ನು ನಡೆದ ಹಾಗೆ ಕನ್ನಡದಲ್ಲೇ ಬರೆದು ಕಳುಹಿಸಿ.