ಕೊಳಚೆ ನೀರು, ಕಡಲು ಮತ್ತು ಸೊನ್ನೆಗಳ ಲೆಕ್ಕ

ಕರಾವಳಿ ನಗರದ ಒಳಚರಂಡಿಯನ್ನು ಸುಧಾರಿಸಿ ಕಡಲ ನೀರನ್ನು ಕಾಪಾಡುವುದು ಹೇಗೆ ಎಂಬ ಅಧ್ಯಾಯವನ್ನು ಮೂರನೆಯ ಸಲ ಓದಿ ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ಮೊದಲೆರಡು ಸಲವೂ ಎಡವಿದ್ದು ಒಂದೇ ಕಡೆ. ಹಾಗಾಗಿ ಈ ಟಿಪ್ಪಣಿಯ ಅರ್ಧ ಜಾಗವನ್ನು ಅದೇ ನುಂಗಿದೆ. ಪ್ರಾಥಮಿಕ ಸಂಸ್ಕರಣೆ ಎಂದರೆ ಕೆಸರು ತಳಕ್ಕಿಳಿಯುವಂತೆ ನೀರನ್ನು ನಿಲ್ಲಿಸುವುದು. ದ್ವಿತೀಯ ಸಂಸ್ಕರಣೆ ಎಂದರೆ ಗಾಳಿ ಊದಿ, ನೀರಿನಲ್ಲಿ ಕರಗಿದ ಕೊಳೆಯನ್ನು ಸೂಕ್ಷ್ಮಜೀವಿಗಳಿಗೆ ಉಣಿಸುವುದು. ಇಷ್ಟು ಗೊತ್ತಿದ್ದವರು ಮುಂದೆ ಓದಬಹುದು.

ಶೇಕಡಾವನ್ನು ಮರೆತು ಸೊನ್ನೆ ಎಣಿಸಿ

ಸಂಸ್ಕರಿಸದ ಕೊಳಚೆ ನೀರಿನ 100 ಮಿ.ಲೀ.ನಲ್ಲಿ ಸುಮಾರು 10 ಲಕ್ಷದಿಂದ 1 ಕೋಟಿ ಇ. ಕೋಲಿ, ಅಂದರೆ ಕರುಳಿನಿಂದ ಮಲದೊಂದಿಗೆ ಬರುವ ಬ್ಯಾಕ್ಟೀರಿಯಾ, ಇರುತ್ತವೆ. ಐರೋಪ್ಯ ಒಕ್ಕೂಟದ 2006ರ ಸ್ನಾನದ ನೀರಿನ ನಿರ್ದೇಶನದಂತೆ, ಕಡಲತೀರಕ್ಕೆ ‘ಅತ್ಯುತ್ತಮ’ ದರ್ಜೆ ಸಿಗಬೇಕಾದರೆ ಈ ಸಂಖ್ಯೆ 250ನ್ನು ಮೀರಬಾರದು. ಒಂದು ಕೋಟಿಯಿಂದ 250ಕ್ಕೆ ಇಳಿಯಬೇಕು! ‘ಶೇ 99ರಷ್ಟು ಶುದ್ಧ’ ಎಂಬ ಮಾತು ಇಲ್ಲಿ ಎಷ್ಟು ಪೊಳ್ಳು ನೋಡಿ: ಕೋಟಿಯಲ್ಲಿ ಶೇ 99 ಹೋದರೂ ಒಂದು ಲಕ್ಷ ಉಳಿಯಿತು.

ಅದಕ್ಕೇ ಇಲ್ಲಿ ಲಾಗ್ ಬಳಸುತ್ತಾರೆ. ನಾನು ಅದನ್ನು ‘ಸೊನ್ನೆ’ ಎನ್ನುತ್ತೇನೆ. ಶೇ 90 ಕಳೆದರೆ ಒಂದು ಸೊನ್ನೆ ಬಿತ್ತು, ಶೇ 99 ಕಳೆದರೆ ಎರಡು. ಕೋಟಿಯಿಂದ 250ಕ್ಕೆ ಬರಲು ಬೀಳಿಸಬೇಕಾದದ್ದು ಸುಮಾರು ನಾಲ್ಕೂವರೆ ಸೊನ್ನೆ. ದ್ವಿತೀಯ ಸಂಸ್ಕರಣೆ ಒಂದೆರಡನ್ನು ಬೀಳಿಸುತ್ತದೆ. ಕ್ಲೋರಿನ್ ಅಥವಾ ನೇರಳಾತೀತ ದೀಪ ಇನ್ನೆರಡು ಮೂರನ್ನು ಬೀಳಿಸುತ್ತದೆ. ಒಂದರ ನಂತರ ಒಂದು ಹಂತ ಬರುವಾಗ ಸೊನ್ನೆಗಳನ್ನು ಸುಮ್ಮನೆ ಕೂಡಿದರೆ ಸಾಕು. ಈ ಸುಲಭ ದಾರಿ ಸಿಕ್ಕ ದಿನ ಬಹಳ ಹಿಗ್ಗಿದೆ. ಆ ಹಿಗ್ಗೇ ಮುಂದೆ ಕೈಕೊಟ್ಟಿತು.

ನಾನು ಜಾರಿದ ಮೆಟ್ಟಿಲು

ಲೆಕ್ಕ ಹೀಗಿತ್ತು: ನಗರದ ಕೊಳಚೆಯ ನೂರು ಪಾಲಿನಲ್ಲಿ 99 ಪಾಲು ಸಂಸ್ಕರಣಾ ಘಟಕಕ್ಕೆ ಹೋಗಿ ನಾಲ್ಕು ಸೊನ್ನೆ ಕಳೆದುಕೊಳ್ಳುತ್ತದೆ. ಉಳಿದ 1 ಪಾಲು ದಾರಿಯಲ್ಲೇ ಉಕ್ಕಿ, ಸಂಸ್ಕರಣೆಯಿಲ್ಲದೆ ಕಡಲು ಸೇರುತ್ತದೆ. ಒಟ್ಟಾರೆ ಎಷ್ಟು ಸೊನ್ನೆ ಬಿದ್ದಂತಾಯಿತು?

ನಾನು ಸರಾಸರಿ ತೆಗೆದೆ. 0.99 × 4 + 0.01 × 0 = 3.96. ‘ಹೆಚ್ಚುಕಡಿಮೆ ನಾಲ್ಕು, ತೊಂದರೆಯಿಲ್ಲ’ ಎಂದು ಉತ್ತರ ಬರೆದೆ. ಶುದ್ಧ ತಪ್ಪು.

ಸಂಖ್ಯೆಗೆ ಇಳಿಸಿ ನೋಡೋಣ. ಕೋಟಿಯಲ್ಲಿ ನಾಲ್ಕು ಸೊನ್ನೆ ಬಿದ್ದು, ಘಟಕದಿಂದ ಬಂದ ನೀರಿನ 100 ಮಿ.ಲೀ.ನಲ್ಲಿ 1,000 ಬ್ಯಾಕ್ಟೀರಿಯಾ ಇವೆ. 99 ಪಾಲಿಗೆ ಅದರ ಕೊಡುಗೆ 0.99 × 1,000 = 990. ಉಕ್ಕಿದ ನೀರಿನಲ್ಲಿ 1 ಕೋಟಿ. 1 ಪಾಲಿಗೆ ಅದರ ಕೊಡುಗೆ 0.01 × 1 ಕೋಟಿ = 1 ಲಕ್ಷ. ಎರಡೂ ಸೇರಿ ಸುಮಾರು 1,01,000. ಒಂದು ಕೋಟಿಯಿಂದ ಒಂದು ಲಕ್ಷಕ್ಕೆ, ಅಂದರೆ ಬಿದ್ದದ್ದು ಎರಡೇ ಸೊನ್ನೆ. ಘಟಕವು ದುಡಿದು ಬೀಳಿಸಿದ ಉಳಿದೆರಡು ಸೊನ್ನೆಗಳನ್ನು ಆ ಒಂದು ಪಾಲು ತಿಂದುಹಾಕಿತು.

ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಿದ್ದೇನೆ: ಸಾಲಾಗಿ ಬಂದರೆ ಸೊನ್ನೆ ಕೂಡು, ಕವಲಾಗಿ ಹೋದರೆ ಸೊನ್ನೆ ಮುಟ್ಟಬೇಡ, ಸಂಖ್ಯೆಗೆ ಇಳಿ.

ಇದರಿಂದ ನೇರವಾಗಿ ಹುಟ್ಟುವ ಪ್ರಶ್ನೆ: ಹಣ ಎಲ್ಲಿ ಹಾಕಬೇಕು? ಘಟಕಕ್ಕೆ ಹೊಸ ಯಂತ್ರ ತಂದು ಐದನೆಯ ಸೊನ್ನೆಯನ್ನೂ ಬೀಳಿಸಿದೆವು ಎನ್ನಿ. ಆಗ 99 + 1,00,000, ಸುಮಾರು 1,00,100. ಕಡಲಿಗೆ ಗೊತ್ತೇ ಆಗುವುದಿಲ್ಲ. ಬದಲಿಗೆ ಉಕ್ಕುವ ನೀರನ್ನು ಅರ್ಧಕ್ಕೆ ಇಳಿಸಿದರೆ 995 + 50,000, ಅಂದರೆ ಸುಮಾರು 51,000. ಹೊರೆ ಅರ್ಧವಾಯಿತು. ಉದ್ಘಾಟನೆಗೆ ಘಟಕ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಲೆಕ್ಕ ಪೈಪಿನ ಕಡೆಗಿದೆ.

ಆ ಒಂದು ಪಾಲು ಎಲ್ಲಿಂದ ಬರುತ್ತದೆ

ಹಳೆಯ ನಗರಗಳಲ್ಲಿ ಮಳೆನೀರಿಗೂ ಕೊಳಚೆಗೂ ಒಂದೇ ಕೊಳವೆ. ಜೋರು ಮಳೆಗೆ ಅದು ತುಂಬಿದಾಗ ಮನೆಗಳಿಗೆ ಹಿಮ್ಮುಖವಾಗಿ ನುಗ್ಗದಿರಲೆಂದೇ ಹೊರಕಿಂಡಿ ಇಟ್ಟಿರುತ್ತಾರೆ. ಕೊಳವೆ ಬೇರೆ ಬೇರೆ ಇದ್ದರೂ ನಿಶ್ಚಿಂತೆಯಿಲ್ಲ: ತಪ್ಪು ಸಂಪರ್ಕ, ವಿದ್ಯುತ್ ಹೋಗಿ ನಿಂತ ಪಂಪು, ಬಿರುಕಿನೊಳಗೆ ಜಿನುಗುವ ಅಂತರ್ಜಲ. ಕರಾವಳಿಯಲ್ಲಿ ಭರತದ ಸಮಯದಲ್ಲಿ ಉಪ್ಪುನೀರೂ ನುಗ್ಗುತ್ತದೆ. ಅದರ ಸಲ್ಫೇಟ್ ಕೊಳವೆಯೊಳಗೆ ಹೈಡ್ರೋಜನ್ ಸಲ್ಫೈಡ್ ಆಗಿ, ಮೇಲ್ಭಾಗದ ತೇವದಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟನ್ನು ತಿನ್ನುತ್ತದೆ. ಬಿರುಕು ಹೆಚ್ಚುತ್ತದೆ, ಇನ್ನಷ್ಟು ಉಪ್ಪುನೀರು ಬರುತ್ತದೆ.

ಕಡಲೊಳಗಿನ ಕೊಳವೆ

ಸಂಸ್ಕರಿಸಿದ ನೀರನ್ನು ದಡದಲ್ಲೇ ಬಿಡದೆ ದೂರಕ್ಕೆ ಒಯ್ದು, ಕಡಲತಳದಲ್ಲಿ ಹಲವು ರಂಧ್ರಗಳ ಮೂಲಕ ಬಿಡುತ್ತಾರೆ. ಅದು ಸಿಹಿನೀರಾದ್ದರಿಂದ ಕಡಲ ನೀರಿಗಿಂತ ಹಗುರ. ಮೇಲೇರುತ್ತಾ ಸುತ್ತಲಿನ ನೀರನ್ನು ಎಳೆದುಕೊಂಡು ಬೆರೆಯುತ್ತದೆ. ನೂರು ಪಟ್ಟು ತೆಳುವಾದರೆ ಎರಡು ಸೊನ್ನೆ. ಇನ್ನು ಉಪ್ಪು, ಬಿಸಿಲುಗಳಿಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಒಂದು ಸೊನ್ನೆ ಬೀಳಲು ಬೇಕಾದ ಸಮಯಕ್ಕೆ ಟಿ90 ಎನ್ನುತ್ತಾರೆ.

ತೀರ 5 ಕಿ.ಮೀ. ದೂರ, ಪ್ರವಾಹ ಸೆಕೆಂಡಿಗೆ 0.2 ಮೀಟರ್ ಎಂದಿಟ್ಟುಕೊಂಡರೆ ನೀರು ದಡ ಮುಟ್ಟಲು ಸುಮಾರು 7 ಗಂಟೆ. ಹಗಲು ಟಿ90 ಎರಡು ಗಂಟೆಯಾದರೆ ಮೂರೂವರೆ ಸೊನ್ನೆ ಬೀಳುತ್ತದೆ. ರಾತ್ರಿ ಅದೇ ಟಿ90 ಮೂವತ್ತೈದು ಗಂಟೆಯಾದರೆ ಬೀಳುವುದು 0.2 ಮಾತ್ರ. ಹಗಲಿನ ಅಂಕಿಯೊಂದನ್ನೇ ಹಾಕಿ ವಿನ್ಯಾಸ ಮಾಡಿದವನನ್ನು ನಂಬಬಾರದು. ಬೇಸಿಗೆಯಲ್ಲಿ ಮೇಲಿನ ಬೆಚ್ಚನೆಯ ಪದರದ ಕೆಳಗೆ ಕೊಳಚೆ ಸಿಕ್ಕಿಕೊಂಡರೆ ಹಗಲೂ ಅರ್ಧ ರಾತ್ರಿಯಂತೆಯೇ.

ಬಾಸ್ಟನ್

ಇದೆಲ್ಲವೂ ಒಂದೇ ಕಡೆ ಸಿಗುವುದು ಅಮೆರಿಕದ ಬಾಸ್ಟನ್ ಬಂದರಿನಲ್ಲಿ. ಅಲ್ಲಿ 1991ರಲ್ಲಿ ಕೆಸರನ್ನು ಬಂದರಿಗೆ ಬಿಡುವುದು ನಿಂತಿತು. ಡಿಯರ್ ಐಲ್ಯಾಂಡಿನಲ್ಲಿ ದ್ವಿತೀಯ ಸಂಸ್ಕರಣಾ ಘಟಕ ಬಂತು. 2000ದ ಸೆಪ್ಟೆಂಬರಿನಲ್ಲಿ ಸುಮಾರು 15 ಕಿ.ಮೀ. ಉದ್ದದ ಸುರಂಗ, ತುದಿಯಲ್ಲಿ 55 ಏರುಗೊಳವೆಗಳೊಂದಿಗೆ, ಮ್ಯಾಸಚೂಸೆಟ್ಸ್ ಕೊಲ್ಲಿಗೆ ತೆರೆದುಕೊಂಡಿತು. ಅಲ್ಲಿಗೂ ಕೆಲಸ ಮುಗಿಯಲಿಲ್ಲ ಎಂಬುದು ನನಗೆ ಮುಖ್ಯ. 2011ರಲ್ಲಿ ಸೌತ್ ಬಾಸ್ಟನ್ ತೀರದುದ್ದಕ್ಕೂ, ಮಳೆಗೆ ಉಕ್ಕುವ ನೀರನ್ನು ಹಿಡಿದಿಟ್ಟು ಆಮೇಲೆ ಘಟಕಕ್ಕೆ ಪಂಪು ಮಾಡಲೆಂದೇ ಇನ್ನೊಂದು ಸುರಂಗ ಸಿದ್ಧವಾಯಿತು. ನಮ್ಮ ಒಂದು ಪಾಲಿಗಾಗಿಯೇ ಮಾಡಿದ ಸುರಂಗ ಅದು.

ಸೊನ್ನೆ ಲೆಕ್ಕ ನಡೆಯದ ಕಡೆ

ಬಿಒಡಿಗೆ, ಅಂದರೆ ಕೊಳೆ ಕೊಳೆಯಲು ಹೀರುವ ಆಮ್ಲಜನಕಕ್ಕೆ, ಇಷ್ಟು ಗೋಜಿಲ್ಲ: ಲೀಟರಿಗೆ 250 ಮಿ.ಗ್ರಾಂ. ಇದ್ದದ್ದು 25ಕ್ಕೆ ಇಳಿದರೆ, ಒಂದೇ ಸೊನ್ನೆಯಾದರೂ, ಒಳ್ಳೆಯ ಫಲಿತಾಂಶವೇ. ಅಲ್ಲಿ ಒಂದು ಪಾಲು ಉಕ್ಕಿದರೆ 25 ಇದ್ದದ್ದು ಸುಮಾರು 27 ಆಗುತ್ತದೆ, ಅಷ್ಟೆ. ಸಾರಜನಕ ಮಾತ್ರ ಬೇರೆ ಜಾತಿ. ಕಡಲಿನಲ್ಲಿ ಪಾಚಿಯ ಬೆಳವಣಿಗೆಗೆ ಸಾಮಾನ್ಯವಾಗಿ ಅದರದೇ ಕೊರತೆ ಇರುವುದರಿಂದ, ನಾವು ಕಳಿಸಿದಷ್ಟನ್ನೂ ಪಾಚಿ ಉಂಡು ಬೆಳೆಯುತ್ತದೆ. ಸಾರಜನಕ ಬಿಸಿಲಿಗೆ ಸಾಯುವುದಿಲ್ಲ, ಕ್ಲೋರಿನ್ನಿಗೆ ಹೆದರುವುದಿಲ್ಲ; ಕೊಳವೆಯನ್ನು ಎಷ್ಟು ಉದ್ದ ಮಾಡಿದರೂ ಅದರ ತೂಕ ಒಂದು ಗ್ರಾಂ ಕೂಡ ಇಳಿಯುವುದಿಲ್ಲ. ಅದನ್ನು ಘಟಕದಲ್ಲೇ, ಗಾಳಿ ಕೊಟ್ಟು ನೈಟ್ರೇಟ್ ಮಾಡಿ, ಗಾಳಿ ತಪ್ಪಿಸಿ ಅನಿಲವಾಗಿ ಹಾರಿಸಬೇಕು.