ಹಳೆ ಜಿಪ್ಸಿ: ಮೊದಲು ರಿಪೇರಿ, ಆಮೇಲೆ ಅಪ್‌ಗ್ರೇಡ್

ಹುಬ್ಬಳ್ಳಿಯಲ್ಲಿ ಹಳೆ ಮಾರುತಿ ಜಿಪ್ಸಿ, ಅಂದರೆ ಜೀಪಿನಂಥ ಫೋರ್ ವೀಲ್ ಗಾಡಿ, ತಗೊಂಡವರು ಮೊದಲು ವಿಚಾರಿಸುವುದು ದಪ್ಪ ಟೈರಿನ ರೇಟು. ಆಮೇಲೆ ಮುಂದಿನ ಬಂಪರ್, ಅದರ ಮೇಲೆ ಲೈಟು. ಬ್ರೇಕಿನ ಮಾತು ಬರುವುದು ಗಾಡಿ ಒಮ್ಮೆ ನಿಲ್ಲಬೇಕಾದಲ್ಲಿ ನಿಲ್ಲದೆ ಹೋದಾಗ. ಈ ಟಿಪ್ಪಣಿ ಆ ಸಾಲನ್ನು ತಿರುಗಿಸಿ ಬರೆದದ್ದು. ನಾನೂ ಕಲಿಯುತ್ತಿರುವವನೇ, ಮಿಸ್ತ್ರಿ ಅಲ್ಲ. ಇಲ್ಲಿಯವರೆಗೆ ತಿಳಿದದ್ದು ಇಷ್ಟು: ಅಪ್‌ಗ್ರೇಡ್ ಅಂತ ನಾವು ದುಡ್ಡು ಸುರಿಯುವ ಕೆಲಸಗಳಲ್ಲಿ ಮುಕ್ಕಾಲು ಪಾಲು, ಸವೆದದ್ದನ್ನು ಸರಿಮಾಡಿಸಿದರೆ ಬೇಕಾಗುವುದೇ ಇಲ್ಲ.

ನಿಮ್ಮದು ಯಾವ ಜಿಪ್ಸಿ?

ಮಾರುತಿ ಜಿಪ್ಸಿ ಮೊದಲು ಬಂದದ್ದು 1985ರ ಕೊನೆಗೆ. ಅದು ಎಂಜಿ410: 970 ಸಿಸಿ ಪೆಟ್ರೋಲ್ ಎಂಜಿನ್, ನಾಲ್ಕು ಗೇರು. 1996ರಲ್ಲಿ ಜಿಪ್ಸಿ ಕಿಂಗ್ ಬಂತು. ಅದಕ್ಕೆ 1298 ಸಿಸಿ ಎಂಜಿನ್, ಐದು ಗೇರು. 2000ದಲ್ಲಿ ಕಾರ್ಬುರೇಟರ್ ಹೋಗಿ, ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಇಂಜೆಕ್ಷನ್ ಬಂತು. 60 ಇದ್ದ ಅಶ್ವಶಕ್ತಿ 80 ಆಯಿತು. 2018ರ ಕೊನೆಗೆ ಸಾಮಾನ್ಯ ಗಿರಾಕಿಗಳಿಗೆ ಬುಕಿಂಗ್ ನಿಂತಿತು. ಎಲ್ಲದರಲ್ಲೂ ಏಣಿಯಂಥ ಚಾಸಿ, ನಾಲ್ಕೂ ಕಡೆ ಉಕ್ಕಿನ ಎಲೆಗಳ ಪಾಟಾ ಸ್ಪ್ರಿಂಗ್. ಹೊರಗಿನಿಂದ ಎಲ್ಲವೂ ಒಂದೇ ತರ ಕಾಣುತ್ತವೆ, ಒಳಗಿನ ಸಾಮಾನು ಬೇರೆ ಬೇರೆ. ಅಂಗಡಿಗೆ ಹೋಗಿ ಸುಮ್ನೆ "ಜಿಪ್ಸಿ ಕ್ಲಚ್ ಪ್ಲೇಟ್ ಕೊಡ್ರಿ" ಅಂದರೆ ಎರಡು ಸಲ ಅಡ್ಡಾಡಬೇಕಾಗುತ್ತದೆ. ಮಾಡೆಲ್ ಮತ್ತು ವರ್ಷ ಹೇಳಿ. ಸಾಧ್ಯವಾದರೆ ಹಳೆ ಸಾಮಾನನ್ನೇ ಕೈಯಲ್ಲಿ ಹಿಡಿದು ಹೋಗಿ.

ಸ್ಪ್ಯಾನರ್ ಮೆಟ್ರಿಕ್ ಸೆಟ್ ಒಂದಿದ್ದರೆ ಸಾಕು. 10, 12, 14, 17 ನಂಬರಿಗೆ ಜಾಸ್ತಿ ಕೆಲಸ. ಹಳೆ ಮಹೀಂದ್ರಾ ಜೀಪಿನಲ್ಲಿ ಇಂಚಿನ ಬೋಲ್ಟ್‌ಗಳೂ ಬೆರೆತಿರುತ್ತವೆ, ಆ ತಲೆನೋವು ಇಲ್ಲಿಲ್ಲ. ಇನ್ನೊಂದು ಮಾತು: ಬರೀ ಜಾಕ್ ನಂಬಿ ಗಾಡಿ ಕೆಳಗೆ ಮಲಗಬೇಡಿ. ಎರಡು ಗಟ್ಟಿ ಸ್ಟ್ಯಾಂಡ್ ಮೊದಲು ಕೊಳ್ಳಿ.

ತುಕ್ಕು ಮತ್ತು ಕಾಗದಪತ್ರ

ನಮ್ಮ ಕಡೆಯ ಹವೆ ಒಣ. ಇಲ್ಲೇ ಓಡಿದ ಗಾಡಿಯ ಚಾಸಿ ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ಕಾರವಾರ, ಅಂಕೋಲಾ ಕಡೆಯಿಂದ ಬಂದದ್ದಾದರೆ ಉಪ್ಪುಗಾಳಿ ತಿಂದಿರುತ್ತದೆ, ಎಚ್ಚರ. ಒಳಗಿನ ಮ್ಯಾಟ್ ಎತ್ತಿ ನೋಡಿ. ಬಾಡಿ ಚಾಸಿಗೆ ಕೂರುವ ಬೋಲ್ಟ್‌ಗಳ ಸುತ್ತ, ಪಾಟಾದ ಹ್ಯಾಂಗರ್ ಬೆಸುಗೆಯ ಹತ್ತಿರ ಸ್ಕ್ರೂಡ್ರೈವರಿನಿಂದ ಒತ್ತಿ. ಕಪ್ಪು ಬಣ್ಣ ಹೊಸದಾಗಿ ಹೊಡೆದಿದ್ದರೆ ಇನ್ನೂ ಜೋರಾಗಿ ಒತ್ತಿ. ಮಾರುವವರು ಮುಖ ಗಂಟಿಕ್ಕಬಹುದು, ಇರಲಿ.

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರ್ಮ್ 25 ಕೊಟ್ಟು, ಗಾಡಿ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕೆಎ 25 ಧಾರವಾಡದ್ದು, ಕೆಎ 63 ಹುಬ್ಬಳ್ಳಿಯದು, ಕೆಎ 26 ಗದಗ, ಕೆಎ 27 ಹಾವೇರಿ. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿ ಜತೆ ತಾಳೆಯಾಗದಿದ್ದರೆ ಎಷ್ಟೇ ಅಗ್ಗ ಇದ್ದರೂ ಕೈಮುಗಿದು ಬಂದುಬಿಡಿ. ಮಿಲಿಟರಿ ಹರಾಜಿನ ಗಾಡಿಯಾದರೆ ಹರಾಜಿನ ಕಾಗದ ಮೂಲಪ್ರತಿಯೇ ಬೇಕು.

ಕಾನೂನು ಇಲ್ಲಿಯೇ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಮಂದಿ ಖರ್ಚು ಮಾಡಿದ ಮೇಲೆ ಕೇಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟಂತೆ ಆರ್‌ಸಿಯಲ್ಲಿ ಬರೆದಿರುವ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಕಬ್ಬಿಣದ ಕ್ರ್ಯಾಶ್ ಗಾರ್ಡ್ ಹಾಕಬಾರದು ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಹಾಗಾಗಿ ಜಿಪ್ಸಿಗೆ ಡೀಸೆಲ್ ಎಂಜಿನ್ ಕೂರಿಸುವ ಮಾತು ಈ ಟಿಪ್ಪಣಿಯಲ್ಲಿ ಬರುವುದಿಲ್ಲ.

ಮುಂದಿನ ಆಕ್ಸಲ್: ಇಲ್ಲಿ ನಿಧಾನವಾಗಿ ಓದಿ

ಹಳೆ ಜಿಪ್ಸಿಯ ದೊಡ್ಡ ದೂರು ಸ್ಟೇರಿಂಗ್ ನಡುಕ. ಗದಗ ರೋಡಿನಲ್ಲಿ 50-60ರ ವೇಗದಲ್ಲಿ ಒಂದು ತಗ್ಗು ಹಾರಿತು ಅಂದರೆ ಸ್ಟೇರಿಂಗ್ ಗಡಗಡ ಅಲುಗಾಡಲು ಶುರು, ವೇಗ ಇಳಿಸುವವರೆಗೆ ನಿಲ್ಲುವುದಿಲ್ಲ. ಗ್ಯಾರೇಜಿನಲ್ಲಿ ಸಿಗುವ ಮೊದಲ ಸಲಹೆ ಚಕ್ರ ಬ್ಯಾಲೆನ್ಸ್ ಮಾಡಿಸಿ ಅಂತ. ಎರಡನೆಯದು ದಪ್ಪನೆಯ ಸ್ಟೇರಿಂಗ್ ಡ್ಯಾಂಪರ್ (ಅಲುಗಾಟ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿಸಿ ಅಂತ. ಡ್ಯಾಂಪರ್ ಹಾಕಿದರೆ ನಡುಕ ಅಡಗುತ್ತದೆ ನಿಜ. ಆದರೆ ಸಡಿಲಾದದ್ದು ಸಡಿಲಾಗಿಯೇ ಇರುತ್ತದೆ, ಒಳಗೊಳಗೇ ಇನ್ನಷ್ಟು ಸವೆಯುತ್ತದೆ.

ಮೂಲ ಎಲ್ಲಿದೆ ನೋಡೋಣ. ಮುಂದಿನ ಆಕ್ಸಲಿನ ಎರಡೂ ತುದಿಗೆ ಒಂದೊಂದು ಗುಂಡಗಿನ ಉಕ್ಕಿನ ಗೋಲ ಇದೆ. ಚಕ್ರ ಹಿಡಿದಿರುವ ನಕಲ್ ಆ ಗೋಲದ ಸುತ್ತ ತಿರುಗುತ್ತದೆ. ಅದು ಕೂತಿರುವುದು ಮೇಲೊಂದು, ಕೆಳಗೊಂದು ಕಿಂಗ್‌ಪಿನ್ ಬೇರಿಂಗ್ ಮೇಲೆ. ಈ ಬೇರಿಂಗುಗಳು ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಶಿಮ್ ಅನ್ನುವ ತೆಳ್ಳಗಿನ ತಗಡಿನ ತುಂಡುಗಳಿಂದ ಹೊಂದಿಸಿರುತ್ತಾರೆ. ವರ್ಷಗಟ್ಟಲೆ ಗ್ರೀಸ್ ಕಾಣದೆ ಬೇರಿಂಗ್ ಸವೆದರೆ ಆ ಬಿಗಿ ಹೋಗುತ್ತದೆ. ಆಮೇಲೆ ನಡುಕ ಬಾರದೆ ಇರುತ್ತದಾ?

ಪರೀಕ್ಷೆ ಸುಲಭ. ಮುಂದಿನ ಚಕ್ರ ನೆಲ ಬಿಡುವಷ್ಟು ಎತ್ತಿ ಸ್ಟ್ಯಾಂಡ್ ಕೊಡಿ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಎಲ್ಲೋ ಆಟ, ಅಂದರೆ ಸಡಿಲು, ಇದೆ ಅಂತಲೇ. ಅದು ಚಕ್ರದ ಬೇರಿಂಗಿನದೋ ಕಿಂಗ್‌ಪಿನ್ನಿನದೋ? ಗೆಳೆಯನೊಬ್ಬನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಚಕ್ರದ ನಡುವಿನ ಹಬ್ ಮತ್ತು ನಕಲ್ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆಟ ನಿಂತರೆ ಚಕ್ರದ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ನಂತರ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಟೈ ರಾಡ್ (ಎರಡೂ ಚಕ್ರ ಒಟ್ಟಿಗೆ ತಿರುಗಿಸುವ ಸರಳು) ಎಂಡ್‌ಗಳ ಕತೆ ಗೊತ್ತಾಗುತ್ತದೆ.

ಬೇರಿಂಗ್ ಬದಲಿಸುವಾಗ ಮಿಸ್ತ್ರಿ "ಕೈಗೆ ಬಿಗಿ ಅನ್ನಿಸ್ತು, ಸಾಕು ತಗೋರಿ" ಅಂದರೆ ಒಪ್ಪಬೇಡಿ. ಟೈ ರಾಡ್ ಬಿಚ್ಚಿ, ಗೋಲದ ಸೀಲ್ ತೆಗೆದು, ನಕಲಿನ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಎಷ್ಟು ಕಿಲೋಗೆ ತಿರುಗಲು ಶುರುವಾಯಿತು ಅಂತ ನೋಡುವುದು ಸರಿಯಾದ ಪದ್ಧತಿ. ಆ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ. ಸಂತೆಯಲ್ಲಿ ಮೆಣಸಿನಕಾಯಿ ತೂಗುವ ಕೊಕ್ಕೆ ತಕ್ಕಡಿ ಈ ಕೆಲಸಕ್ಕೆ ನಡೆಯುತ್ತದೆ.

ಅದೇ ಗೋಲದ ಒಳಗೆ ಚಕ್ರಕ್ಕೆ ಶಕ್ತಿ ಕೊಡುವ ಸಿವಿ ಜಾಯಿಂಟ್ ಇದೆ, ಅದರ ಸುತ್ತ ಗ್ರೀಸ್. ಗೋಲದ ಹೊರಮೈ ಮೇಲೆ ತೆಳುವಾದ ಗ್ರೀಸ್ ಪದರ ಇದ್ದರೆ ಒಳ್ಳೆಯದೇ. ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಮಾತ್ರ ಡಿಫರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಎಣ್ಣೆ ಒಳಗಿನ ಸೀಲ್ ದಾಟಿ ಬಂದು ಗ್ರೀಸನ್ನು ಕರಗಿಸುತ್ತಿದೆ ಅಂತ. ಇನ್ನು ಸ್ವಲ್ಪ ದಿನ ಬಿಟ್ಟರೆ ಆ ಎಣ್ಣೆ ಬ್ರೇಕಿಗೂ ಹೋಗುತ್ತದೆ. ಸೀಲಿಗೆ ಬೆಲೆ ಕಡಿಮೆ, ಬಿಚ್ಚಿ ಜೋಡಿಸುವ ಕೆಲಸ ಜಾಸ್ತಿ. ಹಾಗಾಗಿ ಕಿಂಗ್‌ಪಿನ್ ಮಾಡಿಸುವಾಗಲೇ ಎಲ್ಲ ಸೀಲೂ ಹೊಸದು ಹಾಕಿಸಿ.

ಬ್ರೇಕಿನ ಬಗ್ಗೆ ಚಿಕ್ಕದಾಗಿ: ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಹಳೆ ಎಣ್ಣೆ ಪೂರ್ತಿ ತೆಗೆದು ಹೊಸದು ತುಂಬಿಸಿ, ರಬ್ಬರ್ ಹೋಸ್ ಎಲ್ಲ ಬದಲಿಸಿ. ಇದರಲ್ಲಿ ಚೌಕಾಸಿ ಬೇಡ.

ಫೋರ್ ವೀಲ್ ಹೇಗೆ ಕೆಲಸ ಮಾಡುತ್ತದೆ

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್, ಅಂದರೆ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ, ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಹಿಂದೆ ಬೇರೆಯಾಗಿ ಕೂತಿದೆ, ನಡುವೆ ಒಂದು ಗಿಡ್ಡ ಶಾಫ್ಟ್. ಅದನ್ನು ಚಾಸಿಗೆ ಹಿಡಿದಿರುವ ರಬ್ಬರ್ ಹರಿದರೆ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಧಡ್ ಅನ್ನುತ್ತದೆ. ಬಹಳ ಮಂದಿ ಇದನ್ನು ಗೇರ್‌ಬಾಕ್ಸ್ ಕೆಟ್ಟಿತು ಅಂತ ತಿಳಿದು ಗೇರ್‌ಬಾಕ್ಸ್ ಇಳಿಸುತ್ತಾರೆ. ಮೊದಲು ಆ ರಬ್ಬರ್ ನೋಡಿ.

ಜಿಪ್ಸಿ ಕಿಂಗ್‌ನ ಟ್ರಾನ್ಸ್‌ಫರ್ ಕೇಸಿನ ಅನುಪಾತ ಹೈ ರೇಂಜಿನಲ್ಲಿ 1.409, ಲೋ ರೇಂಜಿನಲ್ಲಿ 2.268. ಭಾಗಿಸಿದರೆ ಸುಮಾರು 1.6. ಅಂದರೆ ಅದೇ ಗೇರು, ಅದೇ ಎಂಜಿನ್ ಸುತ್ತಿಗೆ ಲೋನಲ್ಲಿ ಚಕ್ರದ ಎಳೆತ 1.6 ಪಟ್ಟು ಸಿಗುತ್ತದೆ, ವೇಗ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ.

ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ ಇಲ್ಲಿ ಡಿಫರೆನ್ಷಿಯಲ್ ಇಲ್ಲ. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗುತ್ತವೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಜಾರುವುದಿಲ್ಲ, ಶಾಫ್ಟುಗಳು ತಿರುಚಿಕೊಂಡು ಬಿಗಿಯುತ್ತವೆ. ಆಗ ಫೋರ್ ವೀಲ್ ಲಿವರ್ ಹೊರಗೆ ಬರುವುದಿಲ್ಲ. ಎಳೆದಾಡಬೇಡಿ, ನಾಲ್ಕು ಅಡಿ ರಿವರ್ಸ್ ಬನ್ನಿ, ತಾನೇ ಬಿಡುತ್ತದೆ. ಮುಂದಿನ ಚಕ್ರದಲ್ಲಿ ಕೈಯಿಂದ ತಿರುಗಿಸುವ ಹಬ್ ಇದ್ದರೆ ಕೆಸರಿಗೆ ಇಳಿಯುವ ಮೊದಲೇ ಲಾಕ್ ಮಾಡಿ. ಸಿಕ್ಕಿಬಿದ್ದ ಮೇಲೆ ಮೊಣಕಾಲುದ್ದ ಕೆಸರಿನಲ್ಲಿ ಆ ಹಬ್ ಹುಡುಕುವ ಸುಖ ಯಾರಿಗೂ ಬೇಡ.

ಎಣ್ಣೆ ಬದಲಿಸುವಾಗ ಒಂದು ನಿಯಮ: ತುಂಬುವ ಪ್ಲಗ್ ಮೊದಲು ಬಿಚ್ಚಿ, ಆಮೇಲೆ ಕೆಳಗಿನದು. ಕೆಳಗಿನಿಂದ ಎಲ್ಲ ಸುರಿದು, ಮೇಲಿನದು ತುಕ್ಕು ಹಿಡಿದು ಬಾರದೇ ಹೋದರೆ ಗಾಡಿ ನಿಂತಲ್ಲೇ ನಿಂತಿತು. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ ಗೇರ್ ಎಣ್ಣೆಯೇ ಬೇಕು. ಗೇರ್‌ಬಾಕ್ಸಿಗೆ ಜಿಎಲ್-4 ಒಳ್ಳೆಯದು, ಒಳಗಿನ ಹಿತ್ತಾಳೆ ರಿಂಗ್‌ಗಳಿಗೆ ಅದು ಸೌಮ್ಯ. ಸುರಿದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ನೀರು ಸೇರಿದೆ. ಆಕ್ಸಲ್ ಮೇಲಿನ ಬ್ರೀದರ್ (ಗಾಳಿ ಆಡುವ ತೂತು) ಮುಚ್ಚಿಹೋಗಿದ್ದರೆ, ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ಬ್ರೀದರಿಗೆ ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾನೆಟ್ ಎತ್ತರಕ್ಕೆ ತಂದುಬಿಡಿ. ನಾನು ಮನಸ್ಸಿನಿಂದ ಒಪ್ಪುವ ಅಪ್‌ಗ್ರೇಡ್ ಇದು. ಹಾಗಂತ ಮಳೆಗಾಲದಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳ ತುಂಬಿ ಬಂದಾಗ ಇಳಿಯಬೇಡಿ. ಆ ನೀರಿಗೆ ಜಿಪ್ಸಿ ಒಂದು ಲೆಕ್ಕವೇ ಅಲ್ಲ.

ಎಂಜಿನ್ ತಣ್ಣಗಿರಲಿ

ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಬಿಲ್ ಇಲ್ಲದಿದ್ದರೆ ತಂದ ಕೂಡಲೇ ಬದಲಿಸಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುವ ಚಾಳಿ ನಮ್ಮಲ್ಲಿ ಜಾಸ್ತಿ. ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು, ಕೂಲೆಂಟ್ ಮಾತ್ರ ಹಾಕಿ. ಬಿಸಿಯಾಗುತ್ತದೆ ಅಂತ ಥರ್ಮೋಸ್ಟಾಟನ್ನೇ (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ಕಿತ್ತೆಸೆದ ಗಾಡಿಗಳು ಬೇಕಾದಷ್ಟಿವೆ. ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರಲು ಬಹಳ ಹೊತ್ತು ಬೇಕು, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಕಿತ್ತದ್ದು ಇದ್ದರೆ ಪಾತ್ರೆಯ ನೀರಿನಲ್ಲಿ ಹಾಕಿ ಕಾಯಿಸಿ ನೋಡಿ. ನೀರು ಕುದಿಯುವ ಮೊದಲೇ ಅದರ ಬಾಯಿ ತೆರೆದುಕೊಳ್ಳಬೇಕು. ತೆರೆಯದಿದ್ದರೆ ಹೊಸದು ತನ್ನಿ.

ಎರೆಮಣ್ಣು ಮತ್ತು ಟೈರು

ಈಗ ಎಲ್ಲರೂ ಕಾಯುತ್ತಿರುವ ಟೈರಿನ ಲೆಕ್ಕ. ಕಿಂಗ್‌ಗೆ ಕಂಪನಿ ಕೊಟ್ಟ ಅಳತೆ 205/70 ಆರ್15. ಇದರ ಒಟ್ಟು ಎತ್ತರ 668 ಮಿಲಿಮೀಟರ್. ಹೇಗೆ? 15 ಇಂಚಿನ ರಿಮ್ ಅಂದರೆ 381, ಅದಕ್ಕೆ 205ರ ಶೇ 70 ಎರಡು ಸಲ ಕೂಡಿಸಿ. ಇದೇ ರೀತಿ 235/75 ಆರ್15 ಲೆಕ್ಕ ಹಾಕಿದರೆ 733 ದಾಟುತ್ತದೆ, ಹತ್ತಿರ ಹತ್ತಿರ ಶೇ 10 ಜಾಸ್ತಿ. ಮೀಟರ್ 60 ತೋರಿಸುವಾಗ ಗಾಡಿ 66ರ ಹತ್ತಿರ ಓಡುತ್ತಿರುತ್ತದೆ. ಚಕ್ರದ ಎಳೆತ ಅಷ್ಟೇ ಕಡಿಮೆಯಾಗುತ್ತದೆ, ಬ್ರೇಕಿಗೆ ಭಾರ ಹೆಚ್ಚುತ್ತದೆ, ಸವೆದ ಕಿಂಗ್‌ಪಿನ್ ಇನ್ನೂ ಬೇಗ ಕೈಕೊಡುತ್ತದೆ. ಮೇಲಿಂದ ಆರ್‌ಸಿ ತಕರಾರು. 970 ಸಿಸಿ ಗಾಡಿಗಂತೂ ಬೇಡವೇ ಬೇಡ.

ಕಲಘಟಗಿ, ಅಳ್ನಾವರ ಕಡೆಯ ಕೆಂಪುಮಣ್ಣಿನಲ್ಲಿ ಸಾಧಾರಣ ಆಲ್ ಟೆರೇನ್ ಟೈರ್ ಸಾಕು. ನವಲಗುಂದ, ಅಣ್ಣಿಗೇರಿ, ನರಗುಂದದ ಎರಿ ಹೊಲದ ದಾರಿ ಬೇರೆ. ಆ ಜೇಡಿ ನೀರು ಕುಡಿದು ಉಬ್ಬುತ್ತದೆ, ಟೈರಿನ ಸಂದುಗಳಲ್ಲಿ ತುಂಬಿಕೊಂಡು ಚಕ್ರವನ್ನು ನುಣ್ಣಗೆ ಮಾಡಿಬಿಡುತ್ತದೆ. ಅಲ್ಲಿ ಎಂಥ ಟೈರೂ ಅಷ್ಟಕ್ಕಷ್ಟೇ. ಹಸಿ ಗದ್ದೆಯಲ್ಲಿ ಟ್ರ್ಯಾಕ್ಟರಿಗೇ ಕಬ್ಬಿಣದ ಕೇಜ್ ವೀಲ್ ಕಟ್ಟುತ್ತಾರೆ ಅಂದ ಮೇಲೆ ಜಿಪ್ಸಿ ಏನು ಮಹಾ? ಹೊಲ ಒಣಗುವವರೆಗೆ ಕಾಯಿರಿ. ಬಿತ್ತಿದ ಹೊಲದ ಬದು ತುಳಿದು ಬೈಸಿಕೊಳ್ಳಬೇಡಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ದಾರಿ ಬಿಟ್ಟು ಗಾಡಿ ಇಳಿಸುವಂತಿಲ್ಲ. ಎರೆಮಣ್ಣಿನಿಂದ ಬಂದ ದಿನವೇ ಬ್ರೇಕ್ ಡ್ರಮ್, ರೇಡಿಯೇಟರ್ ಜಾಲರಿ, ನಕಲಿನ ಗೋಲ ತೊಳೆಯಿರಿ. ಮರುದಿನಕ್ಕೆ ಅದು ಇಟ್ಟಿಗೆ.

ಲೈಟು, ಪಾಟಾ

ಹೆಡ್‌ಲೈಟ್ ಮಂಕು ಅಂತ ಎಲ್‌ಇಡಿ ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಲೈಟ್ ಹಾಕಿ, ಬ್ಯಾಟರಿಯ ಬಾಯಿಯಲ್ಲಿ ಮತ್ತು ಬಲ್ಬಿನ ಹತ್ತಿರ ವೋಲ್ಟೇಜ್ ಅಳೆಯಿರಿ. ಹಳೆ ವೈರು, ಹಳೆ ಸ್ವಿಚ್ಚು ದಾಟುವಷ್ಟರಲ್ಲಿ ಒಂದು ವೋಲ್ಟಿಗಿಂತ ಜಾಸ್ತಿ ಕಳೆದುಹೋಗಿರುತ್ತದೆ. ಶೇ 10 ವೋಲ್ಟೇಜ್ ಇಳಿದರೆ ಹ್ಯಾಲೋಜೆನ್ ಬಲ್ಬಿನ ಬೆಳಕು ಸುಮಾರು ಶೇ 30 ಇಳಿಯುತ್ತದೆ. ಒಂದು ರಿಲೇ, ಒಂದು ಫ್ಯೂಸ್, ಸ್ವಲ್ಪ ದಪ್ಪ ವೈರು, ಅರ್ಥ್ ಪಾಯಿಂಟ್ ಉಜ್ಜಿ ಸ್ವಚ್ಛ ಮಾಡುವುದು. ಇಷ್ಟಕ್ಕೆ ಅದೇ ಹಳೆ ಬಲ್ಬು ಹೊಸದರಂತೆ ಉರಿಯುತ್ತದೆ.

ಗಾಡಿ ಎತ್ತರಿಸುವ ಕಿಟ್ ಬಗ್ಗೆಯೂ ಅದೇ ಮಾತು. ಕುಗ್ಗಿದ ಪಾಟಾ ಬಿಚ್ಚಿ, ಎಲೆಗಳನ್ನು ಉಜ್ಜಿ, ಮುರಿದವನ್ನು ಬದಲಿಸಿ, ಕಮಾನು ಮತ್ತೆ ಕೊಡಿಸಿ, ಶ್ಯಾಕಲ್ (ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ) ಬುಷ್ ಹೊಸದು ಹಾಕಿದರೆ ಕಳೆದುಹೋದ ಎತ್ತರ ತಾನೇ ಬರುತ್ತದೆ. ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟ್ ಇರುವ ಊರಿನಲ್ಲಿ ಪಿನ್ನು, ಬುಷ್ ಮಾಡಿಕೊಡುವ ಲೇಥ್‌ಗೆ ಬರವಿಲ್ಲ. ಅದಕ್ಕೂ ಮೇಲೆ ಉದ್ದ ಶ್ಯಾಕಲ್ ಹಾಕಿ ಎತ್ತಿದರೆ ಮುಂದಿನ ಆಕ್ಸಲಿನ ಕ್ಯಾಸ್ಟರ್ ಕೋನ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಬದಲಾಗಿ ಸ್ಟೇರಿಂಗ್ ಮತ್ತೆ ಅಲೆಯಲು ಶುರು. ಪಾಟಾ ಜೋಡಿಸಿದ ಮೇಲೆ ಯು-ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದ ಬಿಗಿಮಾಡಿಸಿ. ಸ್ವಲ್ಪ ದಿನ ಓಡಿಸಿ ಎಲೆಗಳು ಕೂತ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಬಿಲ್ಲಿನಲ್ಲಿ ಈ ಎರಡನೇ ಸಲದ ಕೆಲಸ ಬರೆದಿರುವುದಿಲ್ಲ, ನೀವೇ ನೆನಪಿಟ್ಟು ಹೋಗಬೇಕು.